ಗುಂಯ್ ಅನ್ನುವ ಸದ್ದಿಗೆ ನಾಲ್ಕು ದಿನ

ಯಾವುದನ್ನೂ ಇದ್ದಂತೆಯೇ ಬಿಡಲು ಬಾರದ ಜನ ಕೆಲವರಿರುತ್ತಾರೆ. ನಾನೂ ಆ ಪೈಕಿ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನಿಗೆ ಈ ರೋಗ ಅಂಟದೆ ಇರುವುದು ಸಾಧ್ಯವೇ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಕಡತದಲ್ಲಿ ಒಂದು ಪುಟಸಂಖ್ಯೆ ತಪ್ಪಿದ್ದರೂ ಸಾಕು, 'ಸರಿಪಡಿಸಿ ಪುನಃ ಮಂಡಿಸುವುದು' ಎಂದು ಬರೆದು ಹಿಂದಕ್ಕೆ ಕಳಿಸಿದ ಮೇಲೆಯೇ ನನಗೆ ಮಧ್ಯಾಹ್ನದ ಊಟ ಸೇರುತ್ತಿದ್ದದ್ದು. ಹೀಗೆ ಹೋದ ಕಡತ ಪುನಃ ಮಂಡನೆಯಾಗುವಷ್ಟರಲ್ಲಿ ಅರ್ಜಿದಾರನೇ ತೀರಿಕೊಂಡದ್ದೂ ಉಂಟು. ಆಗ 'ಅರ್ಜಿದಾರರು ಮೃತರಾಗಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಿದೆ' ಎಂದು ಬರೆಯುತ್ತಿದ್ದೆ. ಅಕ್ಷರ ದುಂಡಗಿದೆ ಎಂದು ಮೇಲಿನವರು ಮೆಚ್ಚುತ್ತಿದ್ದರು. ನಿವೃತ್ತನಾಗಿ ಗಂಜಾಂನ ಮನೆಯಲ್ಲಿ ಕೂತ ಮೇಲೆ ಹಿಂದಕ್ಕೆ ಕಳಿಸಲು ಬೇರೇನೂ ಸಿಗದೆ, ಹೆಂಡತಿ ಮಾಡಿದ ಸಾರನ್ನು ಒಂದೆರಡು ಸಲ ಹಿಂದಕ್ಕೆ ಕಳಿಸಿ ನೋಡಿದೆ. ಅದರ ಫಲವನ್ನು ಇಲ್ಲಿ ಬರೆಯುವುದು ಬೇಡ.

ನನ್ನ ಅಣ್ಣ ಜವರಪ್ಪ ನನಗೆ ಪೂರ್ತಿ ವಿರುದ್ಧ. ಪಾಂಡವಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಹಗಲೆಲ್ಲ ರಾಗಿ ಬೀಸುವುದು, ಸಂಜೆಯಾದರೆ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುವುದು. ರೆಪ್ಪೆಗೆ ಮೆತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ ವೇದಿಕೆ ಹತ್ತಿಬಿಡುತ್ತಿದ್ದ. ಕೆ.ಆರ್. ಪೇಟೆ, ನಾಗಮಂಗಲದ ಕಡೆ ಗಣಪತಿ ಕೂರಿಸಿದರೆ ಇವನಿಗೆ ಕರೆ ಬರುತ್ತಿತ್ತು. ಒಂದು ತಂತಿ ಹರಿದರೆ ಉಳಿದ ಐದರಲ್ಲೇ ಮುಗಿಸಿ ಬರುವ ಜಾತಿ. ಅವನ ಹತ್ತಿರ ಹಳೆಯ ಕಾಲದ ವಾಲ್ವಿನ ಆಂಪ್ಲಿಫೈಯರ್ ಒಂದಿತ್ತು. ಹಾಕಿದ ಸ್ವಲ್ಪ ಹೊತ್ತಿಗೆ ಗಾಜಿನ ಬುರುಡೆಗಳು ಕೆಂಪಗಾಗಿ, ಕಾದ ಧೂಳಿನ ವಾಸನೆ ಬಂದು, ಆಮೇಲೆ ಗಿಟಾರಿನಿಂದ ಬೆಲ್ಲದ ಪಾಕದಂಥ ದನಿ ಹೊರಡುತ್ತಿತ್ತು. ನಾವಿನ್ನೂ ಒಟ್ಟಿಗಿದ್ದ ಕಾಲದಲ್ಲಿ ಒಂದು ದಿನ ಅದು ಕೆಟ್ಟಿತು. ಕೆಟ್ಟ ವಸ್ತು ಮನೆಯಲ್ಲಿರುವುದನ್ನು ನನ್ನಿಂದ ಸಹಿಸಲಾಗದು. ಯುಗಾದಿಗೆ ಮನೆ ಸಾರಿಸುವ ನೆಪದಲ್ಲಿ, ಅಣ್ಣ ಗಿರಣಿಯಲ್ಲಿದ್ದಾಗ, ಗುಜರಿಯವನಿಗೆ ಅದನ್ನು ಕೊಟ್ಟು ಎರಡು ಪ್ಲಾಸ್ಟಿಕ್ ಬಕೆಟ್ಟು ತೆಗೆದುಕೊಂಡೆ. ಅಣ್ಣ ಬಂದವನು ಖಾಲಿ ಮೂಲೆ ನೋಡಿದ, ಬಕೆಟ್ಟು ನೋಡಿದ, ಬೆರಳಲ್ಲಿ ತಟ್ಟಿ, "ಬಕೀಟು ಗಟ್ಟಿಯಾಗವೆ" ಅಂದ. ಅಷ್ಟೇ. ಗಿಟಾರನ್ನು ಮೊಳೆಗೆ ನೇತುಹಾಕಿದವನು ಮತ್ತೆ ಇಳಿಸಲಿಲ್ಲ. ಆ ಬಕೆಟ್ಟುಗಳಲ್ಲೊಂದು ಈಗಲೂ ನಮ್ಮ ಬಚ್ಚಲಲ್ಲಿದೆ. ದಿನಾ ಅದರಲ್ಲೇ ನನ್ನ ಸ್ನಾನ.

ಹೋದ ವರ್ಷ ಅಣ್ಣನ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ಮೈಸೂರಿನ ಡಾಕ್ಟರು ನೋಡಿ, ಮನೆಗೆ ಕರೆದುಕೊಂಡು ಹೋಗಿ, ಇಷ್ಟವಾದದ್ದು ಕೊಡಿ ಅಂದರು. ಇಷ್ಟವಾದದ್ದು ಕೊಡಿ ಎಂದರೆ ಏನು ಅರ್ಥ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೆನ್ನು ಹುಣ್ಣಾಗದಿರಲೆಂದು ಗಾಳಿ ತುಂಬುವ ಹಾಸಿಗೆಯೊಂದನ್ನು ಬಾಡಿಗೆಗೆ ತಂದರು. ಅದರ ಕಾಲ ಬುಡದಲ್ಲಿ ಊಟದ ಡಬ್ಬಿಯಷ್ಟಿರುವ ಮೋಟರೊಂದು ಹಗಲೂ ರಾತ್ರಿ ಓಡುತ್ತಿತ್ತು. ನಾನು ನೋಡಲು ಹೋದಾಗ ಅತ್ತಿಗೆ, "ಏನ್ ಬೇಕು ಅಂತ ನೀನಾರ ಕೇಳಪ್ಪ, ನನ್ತಾವ ಬಾಯ್ಬುಡಾಕಿಲ್ಲ" ಅಂದರು. ಕೇಳಿದೆ. ಅಣ್ಣ ಮೊಳೆಯ ಕಡೆ ನೋಡಿ, "ಆ ವಾಲ್ವಿನ ಸೌಂಡ್ನಾಗೆ ಒಂದ್ ಕಿತ ನುಡುಸ್ಬೇಕು ಕಣ್ಲಾ" ಅಂದ.

"ನಾನೇ ಮಾಡಿ ಕೊಡ್ತೀನಿ" ಅಂದುಬಿಟ್ಟೆ. ಜೀವಮಾನದಲ್ಲಿ ಒಂದು ಫ್ಯೂಸು ಹಾಕಿದವನಲ್ಲ ನಾನು. ಎಲ್ಲಿಂದಾದರೂ ಹುಡುಕಿ ತರಿಸಬಹುದಿತ್ತು. ಆದರೆ ಗುಜರಿಗೆ ಹಾಕಿದ ಕೈಯಿಂದಲೇ ಅದು ಮತ್ತೆ ಹುಟ್ಟಬೇಕು ಎಂಬ ಹಟ ಹಿಡಿಯಿತು. ಅಣ್ಣ ನಕ್ಕ. ನಗಲು ಅವನಿಗೆ ಆಗ ಕಷ್ಟವಾಗುತ್ತಿತ್ತು. "ನಿದಾನ್ಕೆ ಮಾಡ್ಲಾ. ಎಂಗಿದ್ರೂ ನಿಮ್ಮೂರ್ಗೆ ನಾನ್ ಬರ್ಲೇಬೇಕಲ್ಲ" ಅಂದ. ಪಾಂಡವಪುರದವರ ಬೂದಿ ಬರುವುದು ನಮ್ಮೂರ ಹೊಳೆಗೇ. ಅತ್ತಿಗೆ ಎದ್ದು ಅಡುಗೆ ಮನೆಗೆ ಹೋದರು.

ನನಗೆ ಗುರುವಾಗಿ ಸಿಕ್ಕಿದವರು ಶ್ರೀರಂಗಪಟ್ಟಣದ ಜಬ್ಬಾರ್ ಸಾಬರು. ಒಂದು ಕಾಲಕ್ಕೆ ಸುತ್ತಲಿನ ಊರುಗಳ ರೇಡಿಯೋಗಳೆಲ್ಲ ಅವರ ಅಂಗಡಿಯಲ್ಲೇ ಮಲಗಿ ಎದ್ದು ಹೋದವು. ಈಗ ಅಂಗಡಿ ಮುಚ್ಚಿದ್ದಾರೆ. ಆದರೂ ನಾಲ್ಕಾರು ವಾಲ್ವುಗಳನ್ನು ಹತ್ತಿಯಲ್ಲಿ ಸುತ್ತಿ ಶೂ ಡಬ್ಬಿಯೊಂದರಲ್ಲಿ ಇಟ್ಟುಕೊಂಡಿದ್ದರು. ವಿಷಯ ಕೇಳಿ, ಅದನ್ನೇ ಮುಂದೆ ತಳ್ಳಿದರು. ಮೊದಲ ಪಾಠ ಇದು: "ಇದ್ರೊಳ್ಗೆ ಮುನ್ನೂರು ವೋಲ್ಟು ಇರ್ತದೆ ಪುಟ್ಟಸ್ವಾಮಿ. ಕರೆಂಟು ಇರೋವಾಗ ಮುಟ್ಟೋದಾದ್ರೆ ಒಂದೇ ಕೈ. ಇನ್ನೊಂದು ಕೈ ಜೇಬ್ನಾಗೆ. ಎಲ್ಡೂ ಕೈ ಹಾಕಿದ್ರೆ ಈ ಕೈಯಿಂದ ಆ ಕೈಗೆ ಸೀದಾ ದಿಲ್ ಮೇಲೆ ಹೋಯ್ತದೆ. ಖತಂ." ಎರಡನೆಯದು: "ಪ್ಲಗ್ ಕಿತ್ತಾಕಿದ್ರೂ ಕಂಡೆನ್ಸರ್‌ನಾಗೆ ಕರೆಂಟು ಉಳ್ಕೊಂಡಿರ್ತದೆ. ಸತ್ತೋಯ್ತು ಅಂದ್ಕೊಂಡು ಮುಟ್ಟೀರಾ, ಹುಷಾರು."

ತೊಂದರೆ ಏನೆಂದರೆ ಮನೆಯಲ್ಲಿ ನಾನು ಉಡುವುದು ಪಂಚೆ. ಪಂಚೆಗೆ ಜೇಬೆಲ್ಲಿಂದ ಬರಬೇಕು? ಕೊನೆಗೆ ಎಡಗೈಯನ್ನು ಉಡಿದಾರದೊಳಗೆ ಸಿಕ್ಕಿಸಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡೆ. ಮೊದಲ ದಿನ ನೋಡಿದ ಹೆಂಡತಿ, "ಯಾಕ್ರೀ, ಹೊಟ್ಟೆ ನೋವಾ?" ಎಂದು ಓಮದ ನೀರು ತಂದಳು. ವಾರ ಕಳೆದ ಮೇಲೆ ಊಟಕ್ಕೆ ಕೂತಾಗ, ಬಸ್ಸಿಗೆ ಕಾಯುವಾಗ, ದೇವಸ್ಥಾನದಲ್ಲಿ ತೀರ್ಥಕ್ಕೆ ನಿಂತಾಗ ಕೂಡ ನನ್ನ ಎಡಗೈ ತಾನಾಗಿ ಸೊಂಟ ಸೇರತೊಡಗಿತು. ಸಾಯುವ ಭಯ ಎಷ್ಟು ಬೇಗ ಒಳ್ಳೆಯ ಅಭ್ಯಾಸದಂತೆ ಮೈಗೂಡುತ್ತದೆ ಎಂದು ಆಶ್ಚರ್ಯವಾಯಿತು.

ಪೆಟ್ಟಿಗೆಗೆ ಬೇಕರಿಯವನಿಂದ ಬನ್ನು ಸುಡುವ ಅಲ್ಯೂಮಿನಿಯಂ ತಟ್ಟೆ ಬೇಡಿ ತಂದೆ. ಅದನ್ನು ಬೋರಲು ಹಾಕಿ ವಾಲ್ವು ಕೂರಲು ತೂತು ಕೊರೆದೆ. ಮೊದಲ ತೂತು ದೊಡ್ಡದಾಯಿತು, ಎರಡನೆಯದು ಮೊಟ್ಟೆಯಾಕಾರಕ್ಕೆ ಬಂತು, ಮೂರನೆಯದರಲ್ಲಿ ನನ್ನ ಹೆಬ್ಬೆರಳೂ ಸೇರಿತು. ಬೆಸುಗೆಯಂತೂ ಕಂಬಳಿ ಹುಳದ ಹಾಗೆ ಅಲ್ಲಲ್ಲಿ ಮೆತ್ತಿಕೊಂಡಿತು. ಜಬ್ಬಾರ್ ಸಾಬರು ಕನ್ನಡಕ ಏರಿಸಿ ನೋಡಿ, "ಪರವಾಗಿಲ್ಲ, ಹಿಡ್ಕೊಂಡಿದೆ" ಎನ್ನುವರು. ನಾನು ಕಿತ್ತು ಮತ್ತೆ ಹಾಕುವೆ. ಒಂದೇ ತಂತಿಯನ್ನು ಐದು ಸಲ ಹಾಕಿದ್ದೇನೆ. ನಡುವೆ ಪಾಂಡವಪುರಕ್ಕೆ ಹೋಗಿ ಬರುತ್ತಿದ್ದೆ. ಇಲ್ಲಿ ಟ್ರಾನ್ಸ್‌ಫಾರ್ಮರು ಸೇರಿ ಪೆಟ್ಟಿಗೆಯ ತೂಕ ಏರುತ್ತಿತ್ತು, ಅಲ್ಲಿ ಅಣ್ಣನದು ಇಳಿಯುತ್ತಿತ್ತು. ಎರಡು ತಿಂಗಳಿಗೆ ಯಾರು ಬೇಕಾದರೂ ಎತ್ತಿಕೊಳ್ಳುವ ಹಾಗಾಗಿದ್ದ.

ಅಂತೂ ಮುಗಿಯಿತು. ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಅತ್ತಿಗೆ ಗಿಟಾರನ್ನು ಮೊಳೆಯಿಂದ ಇಳಿಸಿ, ಸೆರಗಿನಲ್ಲಿ ಒರೆಸಿ, ಹಾಸಿಗೆಯ ಮೇಲೆ ಅಣ್ಣನ ಕಾಲ ಹತ್ತಿರ ಇಟ್ಟರು. ಗಿಟಾರಿನಿಂದ ಪೆಟ್ಟಿಗೆಗೆ ವೈರು ಸಿಕ್ಕಿಸಿ ಸ್ವಿಚ್ಚು ಹಾಕಿದೆ. ಬುರುಡೆಗಳು ಕೆಂಪಗಾದವು. ಕಾದ ಧೂಳಿನ ವಾಸನೆ ಬಂತು. ಅಣ್ಣ ಮೂಗರಳಿಸಿದ. ಆಮೇಲೆ ಸ್ಪೀಕರಿನಿಂದ ಹೊರಟಿತು: ಗುಂಯ್.

ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಒಂದೇ ಸಮನೆ ಗುಂಯ್. ನನಗೆ ಮೈಯೆಲ್ಲ ಉರಿಯಿತು. ಎರಡು ತಿಂಗಳ ಕೆಲಸ, ಅದೂ ಅಣ್ಣನ ಎದುರಿಗೆ! ಅವನು ಮಾತ್ರ ಕೈ ಚಾಚಿ, "ಕೊಡ್ಲಾ ಇತ್ಲಾಗೆ" ಅಂದ.

"ಬೇಡ ಅಣ್ಣ, ಎಲ್ಲೋ ತಪ್ಪಾಗಿದೆ. ಸರಿ ಮಾಡಿ ತರ್ತೀನಿ."

"ಗುಂಯ್ ಅಂದ್ರೆ ಅನ್ಲಿ ಬುಡ್ಲಾ. ಅದ್ರ ಮೇಲೇ ನುಡುಸ್ತೀನಿ."

"ಒಂದ್ ಚಣ ನುಡುಸ್ಲಿ ಬುಡಪ್ಪ" ಎಂದು ಅತ್ತಿಗೆಯೂ ಅಂದರು.

ಅಷ್ಟರಲ್ಲಿ ನಾನು ಪ್ಲಗ್ಗು ಕಿತ್ತಾಗಿತ್ತು. "ನಾಲ್ಕೇ ದಿನ ಕೊಡು" ಅಂದೆ. ಬುರುಡೆಗಳು ಆರುವವರೆಗೂ ಅಣ್ಣ ಅವನ್ನೇ ನೋಡಿದ. ಚಾಚಿದ್ದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, "ಆಯ್ತು, ತಗೊಂಡೋಗು. ಬಕೀಟು ಮಾತ್ರ ತರ್ಬೇಡ" ಅಂದ.

ನಾವು ಮೂವರೂ ನಕ್ಕೆವು. ಪೆಟ್ಟಿಗೆ ಎತ್ತಿಕೊಂಡು ನಾನು ಬಸ್ಸು ಹತ್ತಿದೆ. ಗಿಟಾರು ಅಲ್ಲೇ ಉಳಿಯಿತು.

ಮನೆಗೆ ಬಂದು ಹಾಕಿದರೆ ಆ ಗುಂಯ್ ಸದ್ದೇ ಇಲ್ಲ! ಜಬ್ಬಾರ್ ಸಾಬರನ್ನು ಕರೆತಂದೆ. ಕಿವಿಯನ್ನು ಸ್ಪೀಕರಿಗೆ ಆನಿಸಿ ಕೇಳಿ, "ಸಾಫ್ ಆಗಿದೆ. ತಗೊಂಡೋಗಿ ಕೊಡಿ" ಅಂದರು. ನಾನು ಒಪ್ಪಲಿಲ್ಲ. ಅಲ್ಲಿ ಬಂದ ಸದ್ದು ಎಲ್ಲಿ ಹೋಯಿತು? ಒಳಗೆಲ್ಲೋ ಅಡಗಿ ಕೂತಿರಬೇಕು, ಹೋದ ಕೂಡಲೆ ಮತ್ತೆ ಮಾನ ಕಳೆಯುತ್ತದೆ ಎಂದೆ. "ಸರಿಯಾಗೇ ಇದೆಯಲ್ಲಾ, ಇನ್ನೇನ್ ನೋಡ್ತೀರಾ?" ಎಂದು ಅವರು ಬೇಸರದಿಂದ ಎದ್ದು ಹೋದರು. ನಾನು ಎಡಗೈಯನ್ನು ಉಡಿದಾರಕ್ಕೆ ಸಿಕ್ಕಿಸಿ, ಇಲ್ಲದ ತಪ್ಪನ್ನು ಹುಡುಕುತ್ತ ಒಂದೊಂದೇ ಬೆಸುಗೆ ಬಿಚ್ಚಿ ಹೊಸದಾಗಿ ಹಾಕಿದೆ. ಈ ಸಲ ದುಂಡಗೆ ಬಂದವು. ನಾಲ್ಕನೆಯ ದಿನ ಬೆಳಿಗ್ಗೆ ಕೊನೆಯ ತಂತಿ ಹಾಕುತ್ತಿದ್ದಾಗ ಅತ್ತಿಗೆಯ ಫೋನು ಬಂತು. ಅವರು ಅಳುತ್ತಿರಲಿಲ್ಲ. "ಬಂದ್ಬುಡು ಪುಟ್ಸಾಮಿ" ಅಂದರು, ಅಷ್ಟೆ.

ಮಾತು ಕೊಟ್ಟಂತೆ ಅಣ್ಣ ಮೂರನೆಯ ದಿನ ನಮ್ಮೂರಿಗೆ ಬಂದ, ಒಂದು ಮಡಕೆಯಲ್ಲಿ.

ಹನ್ನೊಂದನೆಯ ದಿನ ಎಡೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂರುವುದು ನಮ್ಮ ಕಡೆಯ ಪದ್ಧತಿ. ಆ ಹೊತ್ತಿನಲ್ಲಿ ಅವರು ಬಂದು ಉಂಡು ಹೋಗುತ್ತಾರೆ. ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ ಇಟ್ಟ ಮೇಲೆ ಅತ್ತಿಗೆ, "ಅದ್ನೂ ಇಡಪ್ಪ, ಆನ್ ಮಾಡೇ ಇಡು" ಅಂದರು. ಕಿಟಕಿಯ ಕೆಳಗೆ ಗೋಡೆಗೆ ಗಿಟಾರು ಒರಗಿಸಿ ಪೆಟ್ಟಿಗೆಯ ವೈರು ಸಿಕ್ಕಿಸಿದೆ. ಬುರುಡೆ ಕೆಂಪಗಾಯಿತು. ಒಂಚೂರೂ ಸದ್ದಿಲ್ಲ. ಆ ದುಃಖದಲ್ಲೂ, ನಾಲ್ಕು ದಿನದ ಕೆಲಸ ದಂಡವಾಗಲಿಲ್ಲ ಎಂದು ನನಗೊಂದು ಹೆಮ್ಮೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಬಾಗಿಲು ಎಳೆದುಕೊಂಡು ಜಗುಲಿಗೆ ಬಂದು ಕೂತೆವು.

ಹಾಸಿಗೆ ಬಾಡಿಗೆಗೆ ಕೊಟ್ಟವನು ಬಂದದ್ದು ಆಗಲೇ. "ತಿಳೀದೆ ಇವತ್ತೇ ಬಂದ್ಬುಟ್ಟೆ ಸಾ" ಎಂದು ಕೈ ಹಿಸುಕಿಕೊಂಡ. ಹಾಸಿಗೆ, ಮೋಟರು ಎರಡನ್ನೂ ಅಣ್ಣ ತೀರಿಕೊಂಡ ದಿನವೇ ಜಗುಲಿಯ ಮೂಲೆಗೆ ತಂದು ಹಾಕಿದ್ದರು. ಒಯ್ಯುವ ಮೊದಲು ಓಡಿಸಿ ನೋಡುವುದು ಅವನ ಕ್ರಮವಂತೆ. ಅದೇ ಗೋಡೆಯ ಈಚೆ ಕಡೆ ಇದ್ದ ಪ್ಲಗ್ಗಿಗೆ ಮೋಟರನ್ನು ಸಿಕ್ಕಿಸಿದ. ಮುಚ್ಚಿದ ಬಾಗಿಲ ಒಳಗಿನಿಂದ ಗುಂಯ್ ಅಂತು. ಆರಿಸಿದ, ನಿಂತಿತು. ಮತ್ತೆ ಹಾಕಿದ, ಮತ್ತೆ ಗುಂಯ್.

ಗಿಟಾರಿನ ತಂತಿಗಳ ಕೆಳಗಿರುವ ಸುರುಳಿ ಹತ್ತಿರದ ಮೋಟರಿನ ಕರೆಂಟನ್ನೂ ಹಿಡಿದು ಗುಂಯ್ ಅನ್ನಿಸುತ್ತದೆ ಎಂಬುದು ಆ ಕ್ಷಣ ನನಗೆ ಹೊಳೆಯಿತು. ಅವತ್ತು ಗಿಟಾರು ಇದ್ದದ್ದು ಅಣ್ಣನ ಕಾಲ ಹತ್ತಿರ, ಇದೇ ಮೋಟರಿನ ಪಕ್ಕದಲ್ಲಿ; ನನ್ನ ಆಂಪ್ಲಿಫೈಯರಿನಲ್ಲಿ ಮೊದಲ ದಿನವೂ ಯಾವ ತಪ್ಪೂ ಇರಲಿಲ್ಲ. ಅಣ್ಣನಿಂದ ಆ ದನಿಯನ್ನು ನಾನು ಕಿತ್ತುಕೊಂಡದ್ದು ಎರಡು ಸಲ: ಒಮ್ಮೆ ಗುಜರಿಗೆ, ಇನ್ನೊಮ್ಮೆ ಸುಮ್ಮನೆ.

ಅತ್ತಿಗೆ ಎದ್ದು ನಿಂತಿದ್ದರು. "ಬಂದವ್ರೆ ಕಣಪ್ಪ. ಅವತ್ತೂ ಇದೇ ಸಬ್ದ. ಇದ್ರ ಮೇಲೇ ನುಡುಸ್ತೀನಿ ಅಂದಿದ್ರಲ್ಲ" ಎನ್ನುತ್ತ ಬಾಗಿಲಿಗೆ ಕೈ ಮುಗಿದರು. ಉಳಿದವರೂ ಮುಗಿದರು. ನಾನೂ ಕೈ ಎತ್ತಿದೆ. ಅತ್ತಿಗೆ ತಿರುಗಿ ನೋಡಿ, "ಎಲ್ಡೂ ಕೈ ಮುಗಿ ಪುಟ್ಸಾಮಿ" ಅಂದರು. ಎಡಗೈ ಉಡಿದಾರದೊಳಗೇ ಇತ್ತು.

ಬಾಡಿಗೆಯವನು ನನ್ನ ಕಿವಿಯ ಹತ್ತಿರ ಬಗ್ಗಿ, "ಮೋಟರು ಚೆನ್ನಾಗದೆ ಸಾ. ಆಫ್ ಮಾಡಿ ತಗೊಂಡೋಗ್ಲಾ?" ಅಂದ.

"ಇರಲಪ್ಪ, ಇನ್ನೂ ಸ್ವಲ್ಪ ಹೊತ್ತು ಓಡಿಸಿ ನೋಡು" ಅಂದೆ.

"ಸರಿಯಾಗೇ ಅದಲ್ಲ ಸಾ, ಇನ್ನೇನ್ ನೋಡ್ಬೇಕು?"

ಇದೇ ಪ್ರಶ್ನೆಯನ್ನು ಜಬ್ಬಾರ್ ಸಾಬರೂ ಕೇಳಿದ್ದರು. ಎಡಗೈಯನ್ನು ಉಡಿದಾರದಿಂದ ಬಿಡಿಸಿ, ಬಾಗಿಲ ಕಡೆಗೆ ಎರಡೂ ಕೈ ಮುಗಿದೆ.