ಗೌಡರೋ, ದೇಸಾಯರೋ?

ನಮ್ಮ ದೊಡ್ಡತ್ತೆಯ ಜೊತೆ ಅಂಗಡಿಗೆ ಹೋಗಿ ಮಾನ ಉಳಿಸಿಕೊಂಡು ಹಿಂದಿರುಗಿದವರು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಇದು ನನ್ನ ಚಾಡಿಯಲ್ಲ, ಅವಳೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು! ಸೀರೆ ಅಂಗಡಿಯವನೊಬ್ಬ "ಬಣ್ಣ ಹೋಗಂಗಿಲ್ರಿ" ಎಂದ ತಪ್ಪಿಗೆ ಅವನಿಂದಲೇ ಒಂದು ತಂಬಿಗೆ ನೀರು ತರಿಸಿ, ಅವನೆದುರೇ ಸೆರಗಿನ ತುದಿ ಅದ್ದಿ ಹಿಂಡಿದವಳು. (ಸೀರೆಯ ಬಣ್ಣ ಹೋಯಿತು. ಅವನ ಮುಖದ್ದೂ.) ರಕ್ತದೊತ್ತಡ ಜಾಸ್ತಿ ಇದೆ, ಉಪ್ಪಿನಕಾಯಿ ಬಿಡಿ ಎಂದು ಡಾಕ್ಟರು ಹೇಳಿದರು. ಅತ್ತೆ ಆ ಡಾಕ್ಟರನ್ನು ಬಿಟ್ಟಳು.

ಅಕ್ಕಿಆಲೂರಿನ ಬಸ್ ನಿಲ್ದಾಣದ ಹಿಂದೆ ಅವಳದೊಂದು ಖಾನಾವಳಿ. ಅಕ್ಕಿ ಗಿರಣಿಯ ಹಮಾಲರು, ಲಾರಿ ಡ್ರೈವರುಗಳು, ಸಂತೆಗೆ ಬಂದವರು ಎಲ್ಲರೂ ಅಲ್ಲಿ ಉಣ್ಣುತ್ತಾರೆ, ಎಲ್ಲರೂ ಬೈಸಿಕೊಳ್ಳುತ್ತಾರೆ. ಎರಡನೇ ಸಲ ಪಲ್ಯ ಹಾಕಿಸಿಕೊಳ್ಳದೆ ಎದ್ದು ಹೊರಟವನನ್ನು ಅವಳು ಬಾಗಿಲಲ್ಲೇ ತಡೆಯುತ್ತಾಳೆ. "ಯಾಕ? ಸೇರಲಿಲ್ಲೇನು? ನಿನ್ನ ಹೆಂಡ್ತಿ ಇದಕ್ಕಿಂತ ಚಲೋ ಮಾಡ್ತಾಳೇನು?" ಹೌದು ಅಂದರೆ ಇಲ್ಲಿ ಉಳಿಗಾಲವಿಲ್ಲ, ಇಲ್ಲ ಅಂದರೆ ಮನೆಯಲ್ಲಿ. ಪಾಪ, ಅವನು ತಿರುಗಿ ಬಂದು ಪಲ್ಯಕ್ಕೆ ಕೂರುತ್ತಾನೆ!

ಇಂಥ ಅತ್ತೆ ಒಂದು ಭಾನುವಾರ ಹಾನಗಲ್ಲಿನ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೇಳಿದಳು.

"ಲೇ ಅಳಿಯಾ, ಜಗತ್ತಿನ್ಯಾಗ ಎಲ್ಲಾದಕ್ಕಿಂತ ಚಲೋ ಫೋನ್ ಯಾವುದು?"

ನನಗಿಂತ ಮೊದಲು ಬಾಯಿ ಹಾಕಿದ್ದು ಅಪ್ಪ. ಅತ್ತೆಗೆ ಬೆನ್ನಿಗೆ ಬಿದ್ದ ತಮ್ಮ ಅವನು, ಬೈಸಿಕೊಳ್ಳುವುದರಲ್ಲಿ ಖಾನಾವಳಿಯ ಗಿರಾಕಿಗಳಿಗಿಂತ ಹಳಬ.

"ಯಾಕಬೇ ಅಕ್ಕಾ? ನಾ ಕೊಟ್ಟ ಫೋನ್ ಐತೆಲ್ಲಾ."

"ಅದರಾಗ ನೆಟ್ಟಗ ಕಾಣಂಗಿಲ್ಲ."

"ಏನ್ ಕಾಣಬೇಕು ನಿನಗ?"

"ಕಾರಣ ಹೇಳಾಕ ನಾ ಏನ್ ಕೋರ್ಟಿನ್ಯಾಗ ನಿಂತೇನೇನು? ನನ್ನ ಖಾನಾವಳಿ, ನನ್ನ ದುಡಿಮಿ, ನನ್ನ ಕಣ್ಣು."

"ಅಲ್ಲಬೇ, ಆ ರೊಕ್ಕಕ್ಕ ಒಂದು ಎಮ್ಮಿ ಬರ್ತೈತಿ!"

"ಎಮ್ಮಿ ವಿಡಿಯೋ ಕಾಲ್ ಮಾಡತೈತೇನೋ?"

ಅಪ್ಪ ಪೇಪರಿನ ಹಿಂದೆ ಮಾಯವಾದ.

ನಾನು ಕಂಡಂತೆ ಉತ್ತರ ಹೇಳಿದೆ. ಎಲ್ಲಕ್ಕಿಂತ ಮೇಲಿನ ಫೋನು ಅಂದರೆ ಎರಡು. ಎರಡು ಕಂಪನಿಗಳದ್ದು, ಎರಡೂ ಒಂದಕ್ಕೊಂದು ಹಾವು ಮುಂಗುಸಿ. ನಮ್ಮ ಮನೆಯಲ್ಲೇ ನನ್ನ ತಮ್ಮ ಒಂದರ ಪಕ್ಷ, ತಂಗಿಯ ಗಂಡ ಇನ್ನೊಂದರ ಪಕ್ಷ. ದೀಪಾವಳಿಗೆ ಸೇರಿದರೆ ಇಬ್ಬರೂ ಹೋಳಿಗೆ ಬಿಟ್ಟು ಕ್ಯಾಮೆರಾದ ಬಗ್ಗೆ ಜಗಳಾಡುತ್ತಾರೆ, ತಮ್ಮ ಅಪ್ಪಂದಿರೇ ಆ ಕಂಪನಿ ಕಟ್ಟಿದ ಹಾಗೆ! ಆ ಫೋನುಗಳ ಹೆಸರೋ, ಅರ್ಧ ಇಂಗ್ಲಿಷು, ಅರ್ಧ ಅಂಕಿ. ಅತ್ತೆ ಒಂದು ಸಲ ಕೇಳಿ, ಎರಡನೇ ಸಲ ಕೇಳಿ, ಮೂರನೆಯದಕ್ಕೆ ಕೈ ಬೀಸಿದಳು. ದಪ್ಪಗಿರುವುದಕ್ಕೆ "ಗೌಡ್ರು" ಎಂದೂ, ತೆಳ್ಳಗೆ ಮಿಂಚುವುದಕ್ಕೆ "ದೇಸಾಯ್ರು" ಎಂದೂ ಅಲ್ಲೇ ನಾಮಕರಣ ಮಾಡಿದಳು. ಅಂದಿನಿಂದ ನಮ್ಮಲ್ಲಿ ಬೇರೆ ಹೆಸರು ಯಾರ ಬಾಯಲ್ಲೂ ಬಂದಿಲ್ಲ.

ನಿರ್ಧಾರಕ್ಕೆ ಸಹಾಯವಾಗಲಿ ಎಂದು ನಾನು ಅವಳಿಗೆ ಯೂಟ್ಯೂಬಿನಲ್ಲಿ ಫೋನು ಹೋಲಿಸಿ ನೋಡುವ ಹುಡುಗನೊಬ್ಬನನ್ನು ತೋರಿಸಿದೆ. ತಪ್ಪಾಯಿತು. ಅತ್ತೆ ಅವನಿಗೆ ಎದುರು ಮಾತಾಡತೊಡಗಿದಳು. ಅವನು "ನನ್ನ ಪ್ರಕಾರ" ಎಂದರೆ, "ನಿನ್ನ ಪ್ರಕಾರ ಯಾರ್ ಕೇಳ್ಯಾರಲೇ?" ಎನ್ನುವಳು. ಕೊನೆಗೆ ಅವನು ವಿಡಿಯೋ ಲೈಕ್ ಮಾಡಿ ಎಂದಾಗ, "ಮೊದಲ ತಲಿ ಬಾಚ್ಕೋ" ಎಂದು ಫೋನ್ ನನ್ನ ಕೈಗೆ ತುರುಕಿ, "ನಡಿ, ಅಂಗಡಿಗೆ ಹೋಗೂನು" ಎಂದಳು.

ಮೊದಲ ಅಂಗಡಿ ಹಾನಗಲ್ಲಿನದೇ. ಅಲ್ಲಿನ ಸೇಲ್ಸ್‌ಮನ್ ಉತ್ಸಾಹಿ. ಗೌಡರನ್ನು ಕೈಗೆ ಕೊಟ್ಟು, "ಇದರಾಗ ಚಂದ್ರನ ಮ್ಯಾಲಿನ ಕುಳಿ ಸುದ್ದಾ ಕಾಣ್ತಾವ್ರಿ" ಎಂದ.

"ಚಂದ್ರ ನಮ್ಮ ಬೀಗ ಅಲ್ಲಪಾ. ಅವನ ಕುಳಿ ತಗೊಂಡು ನಾ ಏನ್ ಮಾಡ್ಲಿ?"

"ಹಿಂದ ನಾಕು ಕ್ಯಾಮೆರಾ ಅದಾವ್ರಿ."

"ಶಿವಗ ಮೂರು ಕಣ್ಣು ಸಾಕಾಗಿದ್ವು!"

ಹೀಗೆಂದವಳೇ, ಅಂಗಡಿಯ ದೀಪ ಆರಿಸಲು ಹೇಳಿ, ಫೋನನ್ನು ಎದುರಿಗಿಡಿಸಿ ಎರಡೂ ಕೈಗಳನ್ನು ಗಾಳಿಯಲ್ಲಿ ಆಡಿಸತೊಡಗಿದಳು. ಬೆರಳು ಮಡಚಿದಳು, ಅಂಗೈ ಕೊಡವಿದಳು, ಗಲ್ಲ ಮುಟ್ಟಿದಳು, ಮೂಗು ಒರೆಸಿದಳು. ಸೇಲ್ಸ್‌ಮನ್ ನನ್ನ ಕಿವಿಯಲ್ಲಿ, "ಸರ, ಅಮ್ಮಾರಿಗೆ ಮೈಯಾಗ ದೇವರು ಬಂದಾವೇನ್ರಿ?" ಎಂದ.

ದೇವರಲ್ಲ. ಆ ಕೈಮಾತನ್ನು ನಾನು ಬಲ್ಲೆ. ಅದು ನಮ್ಮ ಸಣ್ಣತ್ತೆಯ ಭಾಷೆ.

ಸಣ್ಣತ್ತೆ ಅಂದರೆ ದೊಡ್ಡತ್ತೆಯ ತಂಗಿ, ಹಂಸಭಾವಿಗೆ ಕೊಟ್ಟವಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ, ಮಾತೂ ಬರಲಿಲ್ಲ. ಆ ಕಾಲದಲ್ಲಿ ಅವಳನ್ನು ಶಾಲೆಗೆ ಕಳಿಸುವ ಯೋಚನೆ ಯಾರಿಗೂ ಬರಲಿಲ್ಲ. ಅಕ್ಕತಂಗಿಯರಿಬ್ಬರೇ ಒಲೆಯ ಮುಂದೆ, ಹೊಲದ ಬದುವಿನಲ್ಲಿ ಕೂತು ಒಂದು ಭಾಷೆ ಮಾಡಿಕೊಂಡರು. ಮೀಸೆ ತಿರುವಿದರೆ ನಮ್ಮಪ್ಪ. ಹಣೆಗೆ ಮೂರು ಬೆರಳು ಎಳೆದರೆ ದೇವರು. ಮೂಗು ಒರೆಸಿದರೆ ನಾನು! ನಾನೀಗ ಹೈಸ್ಕೂಲ್ ಮಾಸ್ತರ, ತರಗತಿಗೆ ಹೋದರೆ ಮಕ್ಕಳು ಎದ್ದು ನಿಲ್ಲುತ್ತಾರೆ. ಆದರೆ ಹಂಸಭಾವಿಯಲ್ಲಿ ನಾನು ಇಂದಿಗೂ ಸಿಂಬಳ.

ವಿಡಿಯೋ ಕಾಲ್ ಬಂದ ಮೇಲೆ ಈ ಇಬ್ಬರಿಗೆ ಹೊಸ ಜನ್ಮ ಬಂದಂತಾಗಿತ್ತು. ಖಾನಾವಳಿಯ ಮಧ್ಯಾಹ್ನದ ಗಲಾಟೆ ಮುಗಿದರೆ ಮುಗಿಯಿತು, ದೊಡ್ಡತ್ತೆ ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿಟ್ಟು ಕೈಮಾತಿಗೆ ಕೂರುತ್ತಿದ್ದಳು. ಈಗ ಕೆಲವು ತಿಂಗಳಿಂದ ತಂಗಿಯ ಮಾತು ಸರಿಯಾಗಿ ತಿಳಿಯುತ್ತಿಲ್ಲವಂತೆ. ಕೈ ಮಸುಕು ಮಸುಕು. (ಹಂಸಭಾವಿಯ ಅಡುಗೆಮನೆ ಕತ್ತಲು; ಅಂಗಡಿಯ ದೀಪ ಆರಿಸಿದ್ದು ಅದಕ್ಕೇ.) ತಂಗಿಯೂ ಎರಡು ಮಾತಾಡಿ, ಕೆಲಸವಿದೆ ಎಂದು ಕಾಲ್ ಮುಗಿಸುತ್ತಾಳಂತೆ.

"ನೆಟ್‌ವರ್ಕ್ ಇರಬೇಕು ಅತ್ತಿ" ಎಂದೆ.

"ನಿನ್ನ ನೆಟ್‌ವರ್ಕಿಗೆ ಬೆಂಕಿ ಹಚ್ಚು. ಫೋನ್ ಸರಿ ಇಲ್ಲ. ಅಕಿ ಬೆರಳ ಒಂದೊಂದೂ ನನಗ ಕಾಣಬೇಕು."

ಹಾನಗಲ್ಲಿನ ಪರೀಕ್ಷೆ ಅಲ್ಲಿಗೆ ನಿಂತಿತು; ಮಾಲೀಕರು ಬಂದು ದೀಪ ಹಾಕಿಸಿಬಿಟ್ಟರು. ಮುಂದಿನ ವಾರ ಶಿಗ್ಗಾಂವಿ. ಅಲ್ಲಿ ಗೌಡರಿದ್ದರು, ದೇಸಾಯರು ಸ್ಟಾಕ್ ಇರಲಿಲ್ಲ. "ಒಬ್ಬನ್ನ ನೋಡಿ ವರ ಆರಿಸ್ತಾರೇನ್ರಿ?" ಎಂದು ಮೆಟ್ಟಿಲಿಳಿದು ಬಂದಳು. ಅಲ್ಲಿಂದ ಸವಣೂರು. ಅಲ್ಲಿನ ಅಂಗಡಿಯ ಸಾಹೇಬರು ವಯಸ್ಸಾದವರು, ಸಮಾಧಾನಿ. ಚಹಾ ತರಿಸಿದರು, ಕೇಳುವ ಮೊದಲೇ ದೀಪ ಆರಿಸಿದರು, ಎರಡೂ ಫೋನನ್ನು ಅಕ್ಕಪಕ್ಕ ಇಟ್ಟರು. ಅತ್ತೆ ಕೈ ಆಡಿಸಿದಳು. ಗೌಡರಲ್ಲೂ ಸ್ಪಷ್ಟ, ದೇಸಾಯರಲ್ಲೂ ಸ್ಪಷ್ಟ. ಮತ್ತೆ ಆಡಿಸಿದಳು. ಮತ್ತೂ ಅಷ್ಟೇ. ಅತ್ತೆಯ ಮುಖ ಸಪ್ಪಗಾಯಿತು.

"ಎರಡೂ ಬೆಸ್ಟ್ ಮಾಲ್ ಅದಾವ್ರಿ ಆಪಾ, ಯಾವುದ ತಗೊಂಡ್ರೂ ಚಲೋನ" ಎಂದರು ಸಾಹೇಬರು.

"ಎರಡೂ ಚಲೋ ಅಂದ್ರ ನಾ ಯಾರ ಕೂಡ ಜಗಳಾಡ್ಲಿ?"

ಸಾಹೇಬರು ಜೋರಾಗಿ ನಕ್ಕರು. ಅತ್ತೆ ನಗಲಿಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಥಟ್ಟನೆ ಹೇಳಿದಳು. "ನನ್ನ ಕೈ ಹಿಡದು ನೋಡಿದ್ದ ತಪ್ಪು. ಕಾಣಬೇಕಾದ್ದು ಅಕೀ ಕೈ. ಅಕಿನ್ನ ಕರಕೊಂಡು ಹೋಗೂನು."

ಹಾಗಾಗಿ ಮುಂದಿನ ರಜೆಗೆ ಹಂಸಭಾವಿಗೆ ಹೋಗಿ ಸಣ್ಣತ್ತೆಯನ್ನು ಹೊರಡಿಸಿಕೊಂಡು ಹಿರೇಕೆರೂರಿಗೆ ಬಂದೆವು. ದಾರಿಯುದ್ದಕ್ಕೂ ದೊಡ್ಡತ್ತೆಯ ಕೈಗಳದ್ದೇ ಮಾತು. ಸಣ್ಣತ್ತೆ ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಿಂದ ಅವುಚಿ ಹಿಡಿದು, ತಲೆಯಾಡಿಸಿ ನಗುತ್ತ ಬಂದಳು. ಬಸ್ಸಿನ ರಶ್ಶಿಗೆ ಹೆದರಿದ್ದಾಳೆ ಅಂದುಕೊಂಡೆ.

ಹಿರೇಕೆರೂರಿನ ಅಂಗಡಿ ಉದ್ದನೆಯ ಓಣಿಯಂಥದು. ಕೌಂಟರಿನಲ್ಲಿ ಒಬ್ಬ ತರುಣಿ ಇದ್ದಳು. ಅತ್ತೆ ಬಂದೋಬಸ್ತು ಮಾಡಿಸಿದಳು: ಆ ತುದಿಯಲ್ಲಿ ಸಣ್ಣತ್ತೆ, ಅವಳ ಮುಂದೆ ಸ್ಟ್ಯಾಂಡಿನ ಮೇಲೆ ಗೌಡರು. ಈ ತುದಿಯಲ್ಲಿ ತಾನು, ಅವಳಿಗೆ ಬೆನ್ನು ಮಾಡಿ, ಕೈಯಲ್ಲಿ ನನ್ನ ಫೋನು. "ತಿರುಗಿ ನೋಡಿದ್ರ ಪರೀಕ್ಷಾ ಆಗಂಗಿಲ್ಲ, ಮೋಸ ಆಕ್ಕೈತಿ!" ಚಾರ್ಜರ್ ಕೊಳ್ಳಲು ಬಂದವರು ಚಾರ್ಜರ್ ಮರೆತು ನಿಂತರು.

ಕಾಲ್ ಹತ್ತಿತು. ಸಣ್ಣತ್ತೆ ಚೀಲ ಕೆಳಗಿಟ್ಟು ಕೈ ಎತ್ತಿದಳು.

"ಅಲಗಾಡತೈತಿ!" ಎಂದು ದೊಡ್ಡತ್ತೆ ಕೂಗಿದಳು. "ನೋಡಿದ್ಯಾ? ನಾ ಹೇಳಲಿಲ್ಲ? ಗೌಡ್ರು ಗಾಡಿ ಕಟ್ಟಲಿ. ದೇಸಾಯ್ರನ್ನ ಹಚ್ಚವಾ."

ತರುಣಿ ಫೋನ್ ಬದಲಿಸಿದಳು. ದೇಸಾಯರೂ ಸಣ್ಣತ್ತೆಯನ್ನು ತೋರಿಸಿದರು. ಎಷ್ಟು ಚೆನ್ನಾಗಿ ತೋರಿಸಿದರೆಂದರೆ, ಉಗುರಿನ ಸಂದಿಯ ಹಿಟ್ಟು ಕಾಣುತ್ತಿತ್ತು, ಹಂಚು ತಾಗಿದ ಸುಟ್ಟ ಕಲೆ ಕಾಣುತ್ತಿತ್ತು. ಕೈ ಮಾತ್ರ ಒಂದೆಡೆ ನಿಲ್ಲುತ್ತಿರಲಿಲ್ಲ.

"ಇದೂ ಹಂಗ! ಇಷ್ಟ ದೊಡ್ಡ ಹೆಸರು, ಇಷ್ಟ ದೊಡ್ಡ ಜಂಬ, ಒಂದು ಕೈ ನೆಟ್ಟಗ ತೋರಸಾಕ ಬರಂಗಿಲ್ಲೇನು? ಯಾಕವಾ ಅದನ್ನ ಅಲಗಾಡಸಾಕತ್ತೀ?"

"ಇಲ್ರಿ ಅಮ್ಮಾರ" ಎಂದಳು ತರುಣಿ, ಮೆಲ್ಲಗೆ. "ನಾ ಮುಟ್ಟೇ ಇಲ್ರಿ. ಸ್ಟ್ಯಾಂಡಿನ ಮ್ಯಾಲೈತ್ರಿ."

ಅಂಗಡಿ ನಿಶ್ಶಬ್ದವಾಯಿತು. ಆಗ ಕೇಳಿಸಿತು, ಬಳೆಗಳ ಸದ್ದು. ಸಣ್ಣದು, ಎಡೆಬಿಡದ್ದು. ಎತ್ತಿ ಹಿಡಿದ ಕೈ ನಡುಗಿದಂತೆಲ್ಲ ಗಾಜಿನ ಬಳೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅಲ್ಲಿದ್ದ ನಮಗೆಲ್ಲ ಅದು ಕೇಳುತ್ತಿತ್ತು, ಸಣ್ಣತ್ತೆಯೊಬ್ಬಳನ್ನು ಬಿಟ್ಟು. ಪರದೆಯ ಮೇಲೆ ಅವಳ ಹಿಂದಿನ ಗೋಡೆಯ ಕ್ಯಾಲೆಂಡರ್ ಅಲುಗದೆ ನಿಂತಿತ್ತು. ಅತ್ತೆ ಅದನ್ನು ನೋಡಿದಳು. ಕೈ ನೋಡಿದಳು. ಮತ್ತೆ ಕ್ಯಾಲೆಂಡರ್ ನೋಡಿದಳು.

ಆಮೇಲೆ ತಿರುಗಿದಳು.

ಅಕ್ಕ ಬರುವುದನ್ನು ಕಂಡು ಸಣ್ಣತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ದೊಡ್ಡತ್ತೆ ಅವನ್ನು ಹೊರಗೆಳೆದು, ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಸಣ್ಣತ್ತೆಯ ಬೆರಳುಗಳು ನಡುಗುತ್ತ, ತಡವರಿಸುತ್ತ ಉತ್ತರ ಕೊಟ್ಟವು. ನಾನೂ ಓದಿಕೊಂಡೆ: ಹೇಳಿದ್ದರೆ ನೀನು ದೇವರ ಕೂಡ ಜಗಳಕ್ಕೆ ನಿಲ್ಲುತ್ತಿದ್ದೆ.

"ನಿಂದ್ರತಿದ್ದೆ" ಎಂದಳು ಅತ್ತೆ, ಬಾಯಲ್ಲೇ. "ಈಗೂ ನಿಂದ್ರತೇನಿ."

ನಾನು ಹತ್ತಿರ ಹೋಗಿ, "ಅತ್ತಿ, ಫೋನ್ ಬ್ಯಾಡ ಬಿಡು. ಫೋನಿಂದೇನೂ ತಪ್ಪಿಲ್ಲಲ್ಲ. ಮೊದಲ ಡಾಕ್ಟರಿಗೆ ತೋರಸೂನು" ಎಂದೆ.

ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಮತ್ತೆ ಸಿಂಬಳ ಸುರಿಸುವ ವಯಸ್ಸಿಗೆ ಇಳಿದೆ.

"ಡಾಕ್ಟರಿಗೂ ತೋರಸ್ತೇನಿ, ಫೋನೂ ತಗೋತೇನಿ. ನಡುಗಿದ್ರ ನಡುಗಲಿ. ಅಕಿ ನಡಗಕೋತ ಮಾತಾಡಿದ್ರ ನಾ ನಡುಗಿದ ಮಾತು ಓದೂದು ಕಲೀತೇನಿ. ಕಲೀಬೇಕಂದ್ರ ಚಂದಾಗಿ ಕಾಣಬೇಕೋ ಬ್ಯಾಡೋ?"

ಯಾವುದು ಬೇಕು ಎಂದು ತಂಗಿಯನ್ನು ಕೇಳಿದಳು. ಮೂರು ಊರು ಸುತ್ತಿ, ದೀಪ ಆರಿಸಿ ಮಾಡಿದ ಪರೀಕ್ಷೆಗಳ ಗಂಧಗಾಳಿಯೂ ಇಲ್ಲದ ಸಣ್ಣತ್ತೆ ದೇಸಾಯರನ್ನು ತೋರಿಸಿದಳು. ಕಾರಣ? ಅದರ ಬೆನ್ನು ಹಸಿರು!

ಫೋನು ಸಣ್ಣತ್ತೆಯ ಜೊತೆ ಹಂಸಭಾವಿಗೇ ಹೋಯಿತು. ಅಪ್ಪ ಕೇಳಿ ಕೆಂಡವಾದ. "ಇಷ್ಟೆಲ್ಲಾ ಮಾಡಿ ಅಕಿಗೆ ಕೊಟ್ಟು ಬಂದ್ಯಾ?"

"ಅಕಿ ನನಗ ಕಾಣಬೇಕಂದ್ರ ಅದು ಅಕೀ ಕಡೆ ಇರಬೇಕಲ್ಲೋ ತಮ್ಮಾ" ಎಂದಳು ಅತ್ತೆ. "ಇಷ್ಟೂ ತಿಳಿಯಂಗಿಲ್ಲೇನು ನಿನಗ?"

ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಈ ಡಾಕ್ಟರನ್ನು ಅತ್ತೆ ಬಿಡಲಿಲ್ಲ. ನಡುಕ ಸ್ವಲ್ಪ ತಗ್ಗಿದೆ, ಪೂರ್ತಿ ಹೋಗುವುದಿಲ್ಲ ಎಂದಿದ್ದಾರೆ.

ಮೊನ್ನೆ ಮಧ್ಯಾಹ್ನ ಖಾನಾವಳಿಗೆ ಹೋಗಿದ್ದೆ. ಅಕ್ಕತಂಗಿಯರ ಮಾತು ನಡೆದಿತ್ತು. ಸಣ್ಣತ್ತೆ ಹಬ್ಬಕ್ಕೆ ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಅಂಗೈಯನ್ನು ಮುಂದೆ ಚಾಚಿ ಎದೆಗೆ ಎಳೆದುಕೊಂಡರೆ "ಬಾ" ಎಂದರ್ಥ. ಚಾಚಿದ ಕೈ ಎದೆ ಮುಟ್ಟುವ ಮೊದಲೇ ವಿಪರೀತ ನಡುಗಿತು. ಸಣ್ಣತ್ತೆ ನಾಚಿ, ಮಾತನ್ನು ಅಲ್ಲಿಗೇ ಬಿಟ್ಟು ಕೈ ಕೆಳಗಿಳಿಸಿದಳು.

ದೊಡ್ಡತ್ತೆ ತನ್ನ ಕೈ ಚಾಚಿದಳು. ಹಮಾಲರಿಗೆ ಸೌಟು ಎತ್ತಿ ಬೈಯುವ ಆ ಗಟ್ಟಿ ಕೈಯನ್ನು ಬೇಕೆಂದೇ ನಡುಗಿಸುತ್ತ, ನಡುಗಿಸುತ್ತ, ಎದೆಯವರೆಗೆ ಎಳೆದುಕೊಂಡಳು, "ಬಾ" ಅನ್ನುವುದೇ ಹಾಗೆ ಎಂಬಂತೆ. ಪರದೆಯ ಮೇಲೆ ಸಣ್ಣತ್ತೆ ಆ ಕೈಯನ್ನೇ ನೋಡಿದಳು. ಆಮೇಲೆ ನಕ್ಕಳು. ನಕ್ಕು, ಕೈ ಎತ್ತಿ, ಬಿಟ್ಟ ಮಾತನ್ನು ಪೂರ್ತಿ ಮಾಡಿದಳು.

ಈಗ ಅವರಿಬ್ಬರೂ ಆ ಮಾತನ್ನು ಹಾಗೆಯೇ ಆಡುತ್ತಾರೆ.