ನಮ್ಮ ಬೀದಿಯ ನೂರ ನಲವತ್ತನಾಲ್ಕು ಕೋಳಿಗಳು

ನಾನು ಕಿಕ್ಕೇರಿ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ವಿಜ್ಞಾನದ ಮೇಡಂ ಹೆರಿಗೆ ರಜೆಯ ಮೇಲೆ ಹೋದಾಗ ಹೆಡ್‌ಮಾಸ್ಟರು ನನ್ನನ್ನು ಕರೆದು, "ಪೂರ್ತಿ ಪಾಠ ಮಾಡೋದೇನೂ ಬೇಡಿ. ಆ ಕಷ್ಟದ ಪದಗಳಿಗೆ ಅರ್ಥ ಹೇಳ್ಕೊಡಿ, ಸಾಕು. ಪದ ಅಂದ್ಮೇಲೆ ಅದು ನಿಮ್ದೇ ಡಿಪಾರ್ಟ್‌ಮೆಂಟು ಅಲ್ವಾ?" ಎಂದರು. ಹೌದೆಂದು ಒಪ್ಪಿ ವಿಜ್ಞಾನದ ಪುಸ್ತಕ ಎತ್ತಿಕೊಂಡು ಬಂದೆ.

ಜೀವಕೋಶದ ಪಾಠ ಸಲೀಸಾಗಿ ಮುಗಿಯಿತು. ಕೋಶಪೊರೆ ಎಂದರೆ ಮನೆಯ ಕಾಂಪೌಂಡು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡಿಕೊಳ್ಳುತ್ತದೆ. ಮೈಟೋಕಾಂಡ್ರಿಯಾ ಎಂದರೆ ಅಡುಗೆಮನೆ. ಕೋಶಕೇಂದ್ರ ಎಂದರೆ ಯಜಮಾನ. ನಮ್ಮ ಬೀದಿಯವಳೇ ಆದ ರಂಜಿತಾ ಎದ್ದು ನಿಂತು, "ನಮ್ಮನೇಲಿ ಕೋಶಕೇಂದ್ರ ನಮ್ಮಜ್ಜಿ ಸಾರ್" ಎಂದಳು. ಇಡೀ ತರಗತಿಗೆ ಅರ್ಥವಾಗಿತ್ತು. ನನಗೂ ಅರ್ಥವಾಗಿತ್ತು. ವಿಜ್ಞಾನವೆಂದರೆ ಇಷ್ಟೇನಾ ಎಂಬ ಅಪಾಯಕಾರಿ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕಿದ್ದು ಆಗಲೇ.

ಮುಂದಿನ ಪಾಠ ಜೀವಿಸಂದಣಿ. ಒಂದು ಜಾಗದಲ್ಲಿರುವ ಒಂದೇ ಜಾತಿಯ ಜೀವಿಗಳೆಲ್ಲ ಸೇರಿ ಜೀವಿಸಂದಣಿ. ಅವುಗಳನ್ನು ಎಣಿಸಲು ಪುಸ್ತಕದಲ್ಲಿ ಒಂದು ಉಪಾಯವಿತ್ತು. ಕೆಲವನ್ನು ಹಿಡಿದು ಗುರುತು ಹಾಕಿ ಬಿಡಬೇಕು. ಆಮೇಲೆ ಮತ್ತೆ ಕೆಲವನ್ನು ಹಿಡಿದು, ಅವುಗಳಲ್ಲಿ ಗುರುತಿರುವವು ಎಷ್ಟು ಎಂದು ನೋಡಬೇಕು. ಎರಡು ಸಲ ಹಿಡಿದ ಸಂಖ್ಯೆಗಳನ್ನು ಗುಣಿಸಿ, ಗುರುತಿರುವವುಗಳ ಸಂಖ್ಯೆಯಿಂದ ಭಾಗಿಸಿದರೆ ಒಟ್ಟು ಲೆಕ್ಕ ಸಿಗುತ್ತದೆ. ಓದುತ್ತಿದ್ದಂತೆ ನನ್ನ ಮೈ ಜುಮ್ಮೆಂದಿತು. ಇದನ್ನು ಬಾಯಲ್ಲಿ ಹೇಳುವುದೇ? ಮಾಡಿ ತೋರಿಸಬೇಕು. ನಮ್ಮ ಬೀದಿಯಲ್ಲಿ ನಾಟಿ ಕೋಳಿಗಳಿಗೇನೂ ಕೊರತೆಯಿರಲಿಲ್ಲ.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಒಂದು ಸೇರು ಅಕ್ಕಿ, ಒಂದು ಬುಟ್ಟಿ, ನನ್ನ ಹೆಂಡತಿ ಮಂಜುಳಾಳ ಕೆಂಪು ನೈಲ್ ಪಾಲಿಶ್ ತೆಗೆದುಕೊಂಡು ಹೊರಟೆ.

"ರೀ, ಅದು ನಮ್ಮ ತಂಗಿ ಪಾಂಡವಪುರದಿಂದ ತಂದ್ಕೊಟ್ಟಿದ್ದು. ಯಾರಿಗ್ ಹಚ್ತೀರಿ?"

"ಕೋಳಿಗೆ."

ಮಂಜುಳಾ, "ಉಗುರಿಗಾದ್ರೂ ಹಚ್ಚಿ" ಎಂದು ಒಳಗೆ ಹೋದಳು.

ಎರಡು ತಾಸಿನಲ್ಲಿ ಹನ್ನೆರಡು ಕೋಳಿ ಹಿಡಿದೆ. ಮೊಣಕೈ ತರಚಿತು, ಪಂಚೆ ಹರಿಯಿತು, ಒಂದು ಸಲ ತಿಪ್ಪೆಗೆ ಬಿದ್ದೆ. ಹನ್ನೆರಡರ ಕಾಲಿಗೂ ಕೆಂಪು ಬಳಿದು ಬಿಟ್ಟೆ. ಬೀದಿಯ ಕೊನೆಯ ಮನೆಯ ಬೋರಮ್ಮನ ಐದು ಕೋಳಿಗಳು ಮಾತ್ರ ಕೈಗೆ ಸಿಗಲಿಲ್ಲ. ಅವುಗಳ ಕಾಲಿಗೆ ಆಗಲೇ ಕೆಂಪು ಬಟ್ಟೆಯ ಚೂರು ಕಟ್ಟಿತ್ತು. ಅದನ್ನು ನನ್ನ ಕಣ್ಣು ನೋಡಿತು. ತಲೆ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಮತ್ತೆ ಹನ್ನೆರಡು ಕೋಳಿ ಹಿಡಿದೆ. ಕೆಂಪು ಕಾಲಿನದು ಒಂದೇ ಒಂದು! ಜಗಲಿಯ ಮೇಲೆ ಕೂತು ಹನ್ನೆರಡನ್ನು ಹನ್ನೆರಡರಿಂದ ಗುಣಿಸಿ, ಒಂದರಿಂದ ಭಾಗಿಸಿದೆ. ನೂರ ನಲವತ್ತನಾಲ್ಕು ಕೋಳಿಗಳು. ಇಷ್ಟು ಪುಟ್ಟ ಬೀದಿಯಲ್ಲಿ! ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ.

ಮಧ್ಯಾಹ್ನ ಬೋರಮ್ಮ ಒಂದು ಬಟ್ಟಲು ಕೋಳಿ ಸಾರು ಕಳಿಸಿದಳು. ಬೂಕನಕೆರೆಯಿಂದ ಅವಳ ಅಳಿಯ ಬಂದಿದ್ದನಂತೆ. ಬಿಸಿ ಮುದ್ದೆಯ ಜೊತೆ ನಾವಿಬ್ಬರೂ ಬಟ್ಟಲು ಬಳಿದು ಉಂಡೆವು. ಕೈ ತೊಳೆಯುತ್ತಿದ್ದಾಗ ಎದುರು ಮನೆಯ ನಿಂಗೇಗೌಡರು ಬಾಗಿಲಲ್ಲಿ ನಿಂತಿದ್ದರು.

"ಮೇಷ್ಟ್ರೇ, ನಮ್ ಉಂಜ ನಿನ್ನೆ ಸಂಜೆಯಿಂದ ಕಾಣ್ತಿಲ್ಲ ಕಣ್ರೀ. ಎಲ್ಲಾರ ಕಂಡ್ರಾ?"

"ಇಲ್ಲೇ ಇರತ್ತೆ ಗೌಡ್ರೇ. ಈ ಬೀದೀಲಿ ನೂರ ನಲವತ್ತನಾಲ್ಕು ಕೋಳಿ ಇವೆ. ಲೆಕ್ಕ ಆಗಿದೆ."

ಗೌಡರು ಬೀದಿಯತ್ತ ತಿರುಗಿ ಬೆರಳು ಮಡಿಸಿ ಎಣಿಸಿದರು. "ನಂಗೆ ಅದಿನೆಂಟೇ ಕಾಣ್ತಾ ಅವೆ. ಮಿಕ್ಕವ್ನ ಯಾರೋ ವಡ್ಕೊಂಡೋಗವ್ರೆ ಅನ್ನಿ."

ನನ್ನ ಲೆಕ್ಕ ತಪ್ಪಿರಬಹುದು ಎಂದು ಹೇಳುವಷ್ಟರಲ್ಲಿ ಅವರು ಬೀದಿಗಿಳಿದಾಗಿತ್ತು. ನೂರಕ್ಕೂ ಹೆಚ್ಚು ಕೋಳಿ ಕಳುವಾಗಿವೆ, ಮೇಷ್ಟ್ರೇ ಎಣಿಸಿದ್ದಾರೆ ಎಂಬ ಸುದ್ದಿ ಹತ್ತೇ ನಿಮಿಷದಲ್ಲಿ ಎಲ್ಲ ಮನೆ ಮುಟ್ಟಿತು. ಇಲ್ಲದ ಕೋಳಿಗಳಿಗಾಗಿ ಜನ ಒಬ್ಬರ ಹಿತ್ತಿಲಿಗೊಬ್ಬರು ನುಗ್ಗಿದರು. ಕೊನೆಗೆ ಬೋರಮ್ಮನ ಕೋಳಿಗೂಡಿನ ಬಾಗಿಲು ತೆಗೆದಾಗ ಹದಿನೈದು ಕೋಳಿಗಳು ಒಂದರ ಮೇಲೊಂದು ಬಿದ್ದು ಹೊರಗೆ ಬಂದವು. ಎಲ್ಲವೂ ಕೆಂಪು ಕಾಲಿನವೇ.

"ಇದೇನ್ ಬೋರಕ್ಕ, ಇಂಗ್ ಮಾಡ್ಬುಟ್ಟೆ" ಎಂದರು ಗೌಡರು.

ಬೋರಮ್ಮನ ಕಣ್ಣು ತುಂಬಿತು. "ನಂಗೆಲ್ಲಪ್ಪ ಕಣ್ ಕಾಣ್ತದೆ? ಕೆಂಪ್ ಕಾಲಿಂದು ನಿಂದು ಕಣವ್ವ ಅಂತ ನನ್ ಮಗಳು ಬಟ್ಟೆ ಕಟ್ಟಿಕೊಟ್ಟವ್ಳೆ. ನಿನ್ನೆ ಸಂಜೆ ಕೆಂಪ್ ಕಂಡವ್ನೆಲ್ಲ ಗೂಡಿಗೆ ಕೂಡ್ದೆ, ಇವತ್ತು ಅಳಿಯ ಬಂದ ಗಡಿಬಿಡೀಲಿ ಬಿಡ್ನಿಲ್ಲ. ಯಾಕೋ ಈ ಸಲ ಜಾಸ್ತಿ ಆದ್ವಲ್ಲ, ದೇವ್ರು ಕೊಟ್ಟ ಅನ್ಕಂಡೆ."

ಎಪ್ಪತ್ತು ದಾಟಿದ ಆ ಮುದುಕಿಯ ಮೇಲೆ ಕಳ್ಳತನದ ಹೆಸರು ಬೀಳುವುದಿತ್ತು. "ದೇವರಲ್ಲ ಬೋರಮ್ಮ, ನಾನು" ಎಂದೆ. ಜೇಬಿನಿಂದ ನೈಲ್ ಪಾಲಿಶ್ ಶೀಶೆ ತೆಗೆದು ತೋರಿಸಿ, ಜೀವಿಸಂದಣಿಯಿಂದ ಹಿಡಿದು ಭಾಗಾಕಾರದವರೆಗೆ ಎಲ್ಲವನ್ನೂ ವಿವರಿಸಿದೆ. ಯಾರಿಗೂ ಏನೂ ಅರ್ಥವಾಗಲಿಲ್ಲ. ಕಳ್ಳಿ ಬೋರಮ್ಮ ಅಲ್ಲ, ಪೆದ್ದ ಮೇಷ್ಟ್ರು ಎಂಬುದು ಮಾತ್ರ ಎಲ್ಲರಿಗೂ ಸ್ಪಷ್ಟವಾಯಿತು.

"ಅಂಗಾರೆ ನಮ್ ಉಂಜ?" ಎಂದರು ಗೌಡರು.

ಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತನ್ನ ಒಲೆಯ ಕಡೆ ನೋಡಿದಳು. ಆಮೇಲೆ ನನ್ನ ಮನೆಯ ಕಡೆ ನೋಡಿದಳು. ಮಂಜುಳಾ ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡಳು. ಮುಂದಿನ ಸಂತೆಯಲ್ಲಿ ಗೌಡರು ಹೇಳಿದಂಥ ಹುಂಜ ತಂದುಕೊಡುತ್ತೇನೆಂದು ಬೀದಿಯೆದುರು ಒಪ್ಪಿಕೊಂಡೆ. ಬೋರಮ್ಮನ ಅಳಿಯ ಗೌಡರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ಇಬ್ಬರೂ ನನ್ನತ್ತ ನೋಡಿ ನಕ್ಕರು. ಅಲ್ಲಿಗೆ ಜಗಳ ಮುಗಿಯಿತು.

ಸೋಮವಾರ ತರಗತಿಯಲ್ಲಿ ಪುಸ್ತಕದ ಮರುಪುಟ ತಿರುಗಿಸಿದೆ. ಗುರುತು ಹಾಕಿದ ಜೀವಿಗಳು ಎರಡನೆಯ ಸಲ ಹಿಡಿಯುವವರೆಗೆ ಗುಂಪಿನಲ್ಲೇ ಇರಬೇಕು, ಹಾಕಿದ ಗುರುತಿನಿಂದ ಅವುಗಳ ಬದುಕಿಗೆ ತೊಂದರೆಯಾಗಬಾರದು ಎಂದು ಅಲ್ಲಿ ಅಚ್ಚಾಗಿತ್ತು. ಕನ್ನಡದಲ್ಲೇ ಇತ್ತು. ನಾನು ಅದನ್ನು ಮೆಲುದನಿಯಲ್ಲಿ ಓದಿ, ಬೇಗಬೇಗ ಬೋರ್ಡಿನ ಮೇಲೆ ಜನನ, ಮರಣ, ಒಳವಲಸೆ, ಹೊರವಲಸೆ ಎಂದು ಬರೆದೆ.

"ಇನ್ನೊಂದು ಜೀವಿಯನ್ನು ಹಿಡಿದು ತಿಂದು ಬದುಕುವ ಜೀವಿಗೆ ಪರಭಕ್ಷಕ ಎನ್ನುತ್ತಾರೆ. ನಮ್ಮ ಬೀದಿಯಿಂದ ಯಾರಾದರೂ ಒಂದು ಉದಾಹರಣೆ ಕೊಡಿ" ಎಂದೆ. ಬೆಕ್ಕೋ ಹದ್ದೋ ಮುಂಗುಸಿಯೋ ಬರುತ್ತದೆಂದು ಕಾದೆ.

ರಂಜಿತಾ ಎದ್ದು ನಿಂತು ವಿನಯದಿಂದ ಕೈಕಟ್ಟಿಕೊಂಡಳು.

"ಹೆಸ್ರು ಹೇಳ್ಬೋದಾ ಸಾರ್?"