ಅಧ್ಯಕ್ಷರು ಲೋಟ ತೊಳೆದ ಸಭೆ

2002ರ ಕಾಫಿ ಕೊಯ್ಲಿನ ಹೊತ್ತಿಗೆ, ಮೂಡಿಗೆರೆ ಸಮೀಪದ ನಮ್ಮೂರಿನಲ್ಲಿ, ಹೊಸ ನಲ್ಲಿಯನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಸಭೆ ನಡೆಯಿತು. ಸಭೆಯ ಕೊನೆಗೆ ಅಧ್ಯಕ್ಷರು ಎಲ್ಲರ ಕಾಫಿ ಲೋಟ ತೊಳೆದರು. ಅಧ್ಯಕ್ಷ ನಾನೇ ಆಗಿದ್ದರಿಂದ ಈ ಸುದ್ದಿ ನಂಬಲರ್ಹ ಮೂಲದಿಂದ ಬಂದದ್ದು!

ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುವುದು ನನ್ನ ಕೆಲಸ. ಕಂಡದ್ದನ್ನಷ್ಟೇ ಬರೆಯುತ್ತೇನೆ. ನನ್ನ ಕಣ್ಣಿಗೆ ಬೀಳದೆ ಏನೂ ತಪ್ಪಿಸಿಕೊಳ್ಳುವುದಿಲ್ಲ ಎಂದೂ ಆಗ ನಂಬಿದ್ದೆ.

ಆ ಕಾಲದಲ್ಲಿ ನಮ್ಮೂರಲ್ಲಿ 'ಜಾತಿವಾದಿ' ಎಂಬ ಪದಕ್ಕೆ ಬಿಡುವೇ ಇರಲಿಲ್ಲ. ಎಸ್ಟೇಟ್ ಮಾಲೀಕರಾದ ಪುಟ್ಟೇಗೌಡರು, ಜೀಪು ನಿಲ್ಲಿಸುವ ಜಾಗ ಬದಲಾಯಿಸೋಣ ಎಂದರೆ ಅಂಗಡಿಯ ನಂಜಪ್ಪನವರು "ಜಾತಿವಾದಿ!" ಎನ್ನುತ್ತಿದ್ದರು. ನಂಜಪ್ಪನವರು ಬೆಲ್ಲ ಮುಗಿದಿದೆ ಎಂದರೆ ಗೌಡರು ಅದೇ ಪದವನ್ನು ವಾಪಸು ಕೊಡುತ್ತಿದ್ದರು. ರೊಬಸ್ಟಾ ನನಗೆ ಒಗ್ಗುವುದಿಲ್ಲ, ಅರೇಬಿಕಾ ಪುಡಿಯೇ ಇರಲಿ ಎಂದದ್ದಕ್ಕೆ ಹೆಂಡತಿ ಶಾರದೆಯೂ ನನ್ನನ್ನು ಹಾಗೆ ಕರೆದಾಗಿತ್ತು. "ಕಾಫೀಲೂ ಮೇಲು ಕೀಳಾ ನಿಮ್ಗೆ?"

ನಲ್ಲಿಯ ಸಭೆ ಎರಡು ಸಲ ಈ ಪದದಿಂದಲೇ ಮುರಿದುಬಿತ್ತು. ಗೌಡರಿಗೆ ನಲ್ಲಿ ಎಸ್ಟೇಟ್ ಗೇಟಿನ ಬಳಿ ಬೇಕು. ನಂಜಪ್ಪನವರಿಗೆ, ಹಳೇ ಕೈಪಂಪು ಇರುವ ತಮ್ಮ ಅಂಗಡಿ ಮುಂದೆಯೇ ಬೇಕು. ಕೂಲಿಯವರ ಲೈನ್ ಮನೆಗಳಿಂದ ಗೆದ್ದು ಬಂದ ಪಂಚಾಯಿತಿ ಸದಸ್ಯೆ ಗಿರಿಜಮ್ಮನವರಿಗೆ ಲೈನಿನ ಬಳಿ ಬೇಕು. ಲೈನಿನವರು ಹೆಚ್ಚಾಗಿ ಕುಡಿಯುವುದು ಹಳ್ಳದ ನೀರು. ಕೊಯ್ಲು ಶುರುವಾದರೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ನೀರೂ ಅದೇ ಹಳ್ಳಕ್ಕೆ ಇಳಿದು ನಾರುತ್ತದೆ. ಹಾಗಾಗಿ ಅವಸರ ಇದ್ದದ್ದು ಗಿರಿಜಮ್ಮನವರೊಬ್ಬರಿಗೇ.

ಮೂರನೆಯ ಸಭೆಗೆ, ಯಾರ ಕಡೆಯವನೂ ಅಲ್ಲವೆಂದು, ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ನಾನು ತಕ್ಷಣ ಒಂದು ನಿಯಮ ಹೊರಡಿಸಿದೆ. ಆ ಪದವನ್ನು ಎತ್ತಿದವರು ಸಭೆಯ ಲೋಟಗಳನ್ನೆಲ್ಲ ತೊಳೆಯತಕ್ಕದ್ದು. ಯಾರಿಗೂ ವಿನಾಯಿತಿ ಇಲ್ಲ.

"ಇವತ್ತು ಚರ್ಚೆ ಅಂದ್ರೆ ಏನು ಅಂತ ಊರಿಗೆ ಗೊತ್ತಾಗ್ತದೆ ನೋಡ್ತಿರು," ಎಂದು ಶಾರದೆಗೆ ಹೇಳಿ ಹೊರಟೆ.

"ಲೋಟ ತೊಳೆಯೋದು ಅಂದ್ರೆ ಏನು ಅಂತ ನಿಮ್ಗೆ ಗೊತ್ತಾ ಮೊದ್ಲು?" ಎಂದಳು.

ಸಭೆ ನಂಜಪ್ಪನವರ ಅಂಗಡಿ ಜಗಲಿಯಲ್ಲಿ. ಅವರ ಹೆಂಡತಿ ಪಾರ್ವತಕ್ಕ ಒಳಗಿಂದ ಎಲ್ಲರಿಗೂ ಕಾಫಿ ಕಳಿಸಿದರು.

"ಗೌಡ್ರೇ, ನೀವು ಒಬ್ಬ ಜಾ..." ನಂಜಪ್ಪನವರು ಅರ್ಧಕ್ಕೇ ಬಾಯಿ ಮುಚ್ಚಿಕೊಂಡರು.

"ಹೇಳಿ ಹೇಳಿ! ಉಜ್ಜಕ್ಕೆ ಬೂದಿ ನಾನೇ ಕೊಡ್ತೀನಿ!"

"ಜಾಣ ಅಂದೆ ಮಾರಾಯ್ರೇ!"

ಬೇರೆ ದಾರಿ ಕಾಣದೆ ಇಬ್ಬರೂ ನಲ್ಲಿಯ ಬಗ್ಗೆಯೇ ಮಾತಾಡತೊಡಗಿದರು! ಪೈಪು ಎಲ್ಲಿಂದ, ಇಳಿಜಾರು ಎತ್ತ ಎಂದೆಲ್ಲ ಚರ್ಚೆಯಾಯಿತು. ನಾನು ಮನಸ್ಸಿನಲ್ಲೇ ಸುದ್ದಿಗೆ ತಲೆಬರಹ ಕೊಟ್ಟೆ.

ಆಗ ಗಿರಿಜಮ್ಮ ಎದ್ದರು. "ಲೈನಿಗೆ ಯಾಕೆ ಬೇಡ ಅಂತ ಯಾರಾದ್ರೂ ಹೇಳಿ."

"ಅಂಗಡಿ ಮುಂದೆ ಹಾಕಿದ್ರೆ ನೀವೂ ಬಂದು ಹಿಡ್ಕೊಂಡು ಹೋಗ್ಬಹುದಲ್ಲ," ಎಂದರು ನಂಜಪ್ಪನವರು.

"ಈಗಿರೋ ಪಂಪಲ್ಲಿ ನಾವು ಹಿಡ್ಕೊಂಡು ಹೋದ್ಮೇಲೆ ನೀವು ಪಂಪು ತೊಳೆದು ಆಮೇಲೆ ಮುಟ್ತೀರಲ್ಲ ನಂಜಪ್ಪೋರೇ? ಅದಕ್ಕೆ ಜಾತಿವಾದಿ ಅನ್ನದೆ ಇನ್ನೇನು ಅನ್ಲಿ?"

"ಲೋಟ! ಲೋಟ!" ಗೌಡರೂ ನಂಜಪ್ಪನವರೂ ಒಟ್ಟಿಗೆ ಕೂಗಿದರು. ಇಬ್ಬರೂ ಒಂದಾದದ್ದು ಅದೇ ಮೊದಲು! ಸಭೆಯೆಲ್ಲ ನಕ್ಕಿತು. ಗಿರಿಜಮ್ಮ ಹೇಳಿದ್ದು ನಿಜವೇ ಎಂದು ಯಾರೂ ಕೇಳಲಿಲ್ಲ. ಆ ಪದ ಬಂದರೆ ನಗುವುದು ಊರಿಗೆ ಅಷ್ಟು ರೂಢಿಯಾಗಿಹೋಗಿತ್ತು.

ನಾನೂ ಬೆಂಚು ಕುಟ್ಟಿದೆ. "ನಿಯಮ ಎಲ್ರಿಗೂ ಒಂದೇ, ಗಿರಿಜಮ್ಮ."

"ಆಗ್ಲಿ ಸಾರ್, ತೊಳೀತೀನಿ." ಅವರು ಸೆರಗು ಸಿಕ್ಕಿಸಿಕೊಂಡರು. "ಬಚ್ಚಲಿಗೆ ಅಡುಗೆಮನೆ ದಾಟಿ ಹೋಗ್ಬೇಕು. ಹೋಗ್ಲಾ ನಂಜಪ್ಪೋರೇ?"

ನಂಜಪ್ಪನವರು ಸೂರಿನ ಹೆಂಚು ನೋಡತೊಡಗಿದರು.

"ಮತ್ತೆ ಇದನ್ನೂ ತೊಳೀಲಾ?" ಗಿರಿಜಮ್ಮ ತಮ್ಮ ಕಾಫಿಯನ್ನು ಎತ್ತಿ ತೋರಿಸಿದರು. ಕುಡಿದು ಎಸೆಯುವ ಪ್ಲಾಸ್ಟಿಕ್ ಲೋಟ. ಉಳಿದವರೆಲ್ಲರ ಕೈಯಲ್ಲಿ ಸ್ಟೀಲಿನದು.

ಹಿಂದಿನ ಎರಡು ಸಭೆಗಳಲ್ಲೂ ಅವರಿಗೆ ಕಾಫಿ ಬಂದದ್ದು ಅಂಥದ್ದರಲ್ಲೇ. ಎರಡನ್ನೂ ನಾನು ಪಕ್ಕದಲ್ಲೇ ಕೂತು ವರದಿ ಮಾಡಿದ್ದೆ!

ಈಗ ಯಾರೂ ನಗಲಿಲ್ಲ. ಗೌಡರು ಕೆಮ್ಮಿ, "ತೊಳೆಯೋದು ಬೇಡ ಬಿಡಿ," ಎಂದರು.

"ಬೇಡ ಅಂದ್ರೆ? ನಿಯಮ ಅಲ್ವಾ? ಯಾರಾದ್ರೂ ತೊಳೀಲೇಬೇಕಲ್ಲ!" ಎಂದರು ಗಿರಿಜಮ್ಮ.

ಎಲ್ಲರೂ ನಿಯಮ ಮಾಡಿದವನ ಕಡೆಗೆ ತಿರುಗಿದರು. ನಾನು ಲೋಟಗಳನ್ನು ಬುಟ್ಟಿಗೆ ತುಂಬಿಕೊಂಡು ಅಂಗಡಿ ಮುಂದಿನ ಅದೇ ಕೈಪಂಪಿಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಗಿರಿಜಮ್ಮ ಹಿಂದೆಯೇ ಬಂದು ಪಂಪು ಒತ್ತಿದರು.

"ತಳ ಉಜ್ಜಿ ಸಾರ್! ಲೋಟಕ್ಕೆ ಮುದ್ದು ಮಾಡ್ಬೇಡಿ!"

ಒಂದು ಲೋಟ ಚರಂಡಿಗೆ ಉರುಳಿತು. ಹಿಡಿಯಲು ಹೋಗಿ ನಾನೂ ಅದರ ಹಿಂದೆ ಉರುಳಿದೆ. ಎದ್ದು ಪಂಚೆ ಒದರಿಕೊಳ್ಳುವಾಗ ನಂಜಪ್ಪನವರು ಜಗಲಿ ಇಳಿದು ಬಂದಿದ್ದರು.

"ಬಿಡಿ ಗಿರಿಜಮ್ಮ, ಕೈ ನೋಯ್ತದೆ. ನಾನು ಒತ್ತೀನಿ," ಎಂದು, ಅವರು ಬಿಟ್ಟ ಹಿಡಿಯನ್ನು ಹಾಗೆಯೇ ಹಿಡಿದುಕೊಂಡರು. ತೊಳೆಯಲಿಲ್ಲ.

ಅಷ್ಟರಲ್ಲಿ ಪಾರ್ವತಕ್ಕ ಬಾಗಿಲಿಗೆ ಬಂದು ಒಂದು ಲೋಟ ಎತ್ತಿ ನೋಡಿದರು. "ಒಳಗೆ ತನ್ನಿ, ಎಲ್ಲಾ ಇನ್ನೊಂದ್ಸಲ ತೊಳೀಬೇಕು. ಜಾತಿಗಲ್ಲ ಮಾರಾಯ್ರೇ, ಬೂದೀನೇ ಹೋಗಿಲ್ಲ!"

ಎಲ್ಲರಿಗಿಂತ ಜೋರಾಗಿ ನಕ್ಕವರು ಗಿರಿಜಮ್ಮ. ಎರಡನೆಯ ಸುತ್ತಿನ ಕಾಫಿಯನ್ನು ಅವರು ಕುಡಿದದ್ದು ಸ್ಟೀಲ್ ಲೋಟದಲ್ಲಿ.

ಆ ಕಾಫಿ ಮುಗಿಯುವಷ್ಟರಲ್ಲಿ, ನಲ್ಲಿ ಲೈನಿಗೇ ಇರಲಿ ಎಂದು ಗೌಡರೂ ನಂಜಪ್ಪನವರೂ ಒಪ್ಪಿದ್ದರು. ಕೊಯ್ಲು ಮುಗಿಯುವ ಮುಂಚೆ ಲೈನಿನ ಬಳಿ ನಲ್ಲಿ ಬಂತು. ಈಗಲೂ ಅಲ್ಲಿಯೇ ಇದೆ, ನೀರು ಬರುತ್ತದೆ. ನಮ್ಮ ಮನೆಯಲ್ಲಿ ಅಂದಿನಿಂದ ಲೋಟ ತೊಳೆಯುವವನು ನಾನು. ಶಾರದೆ ಅವನ್ನು ಇನ್ನೊಮ್ಮೆ ತೊಳೆಯುತ್ತಾಳೆ.